ಗಿರಿಗೆ ಬಾಡಿಗೆ ಸೈಕಲ್ ತಗೊಂಡು ಹೋಗ್ತೀರಾ? ಮೊದಲು ಬ್ರೇಕ್ ವೈರ್ ನೋಡಿ

ಬಲಗೈ ಜೋಳಿಗೆಯಲ್ಲಿದೆ. ಎಡಗೈಯ ಒಂದೇ ಬೆರಳಲ್ಲಿ ಇದನ್ನು ಕುಟ್ಟುತ್ತಿದ್ದೇನೆ, ಕಾಗುಣಿತ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಭುಜದ ಹತ್ತಿರದ ಕಾಲರ್ ಬೋನ್ ಮುರಿದಿದೆ. ಡಾಕ್ಟರು ಆರು ವಾರ ಅಂದಿದ್ದಾರೆ.

ಆಗಿದ್ದು ಇಷ್ಟು. ಕಳೆದ ಭಾನುವಾರ ನಾನು, ನನ್ನ ಭಾವಮೈದ ಇಬ್ಬರೂ ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಸೈಕಲ್ಲಿನಲ್ಲಿ ಹೋಗಿ ಬರೋಣ ಅಂತ ಹೊರಟೆವು. ಹೋಗಿ ಬರೋಕೆ ಹೆಚ್ಚುಕಡಿಮೆ 60 ಕಿಲೋಮೀಟರ್. ಕೇಳೋಕೆ ಏನೂ ಅಲ್ಲ, ಆದರೆ ಊರು ಇರುವುದೇ ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಮೇಲೆ, ಪಕ್ಕದ ಮುಳ್ಳಯ್ಯನಗಿರಿ 1930 ಮೀಟರ್, ಅಂದರೆ ಕೈಮರದ ಚೆಕ್‌ಪೋಸ್ಟ್ ದಾಟಿದ ಮೇಲೆ ಹತ್ತೋದು ಬಿಟ್ಟು ಬೇರೆ ಕೆಲಸವೇ ಇರಲ್ಲ. ನಮ್ಮ ಸೈಕಲ್ ಬೆಂಗಳೂರಿನಲ್ಲಿ ಇದ್ದವು. ಬಸ್ಸಿನಲ್ಲಿ ಹಾಕಿಕೊಂಡು ಬರುವ ಸೋಮಾರಿತನಕ್ಕೆ ಅಲ್ಲೇ ಒಂದು ಅಂಗಡಿಯಲ್ಲಿ ಬಾಡಿಗೆಗೆ ತಗೊಂಡೆವು. ತಪ್ಪು ಶುರುವಾಗಿದ್ದೇ ಅಲ್ಲಿ.

ಅಂಗಡಿಯವನು ಹಿಂದಿನ ಚಕ್ರ ಎತ್ತಿ, ಗಿರ್ರ್ ಅಂತ ತಿರುಗಿಸಿ, ಬ್ರೇಕ್ ಹಿಡಿದು ನಿಲ್ಲಿಸಿದ. "ನೋಡಿ ಸಾರ್, ಹೆಂಗೆ ಹಿಡಿಯುತ್ತೆ!" ನಾನೂ ತಲೆಯಾಡಿಸಿದೆ. ಗಾಳಿಯಲ್ಲಿ ತಿರುಗುವ ಚಕ್ರವನ್ನು ಚಪ್ಪಲಿ ಒತ್ತಿದರೂ ನಿಲ್ಲಿಸಬಹುದು ಅಲ್ವಾ? ಅದರ ಮೇಲೆ 84 ಕೆಜಿ ಮನುಷ್ಯ ಕೂತು ಘಾಟಿ ಇಳಿಯುವಾಗ ಏನಾಗುತ್ತೆ ಅನ್ನೋದು ಬೇರೆಯೇ ಲೆಕ್ಕ. ಆ ಹೊತ್ತಿಗೆ ಅದು ಹೊಳೆಯಲಿಲ್ಲ. 3000 ಅಡ್ವಾನ್ಸ್ ಕೊಟ್ಟು, ಆಧಾರ್ ಜೆರಾಕ್ಸ್ ಕೊಟ್ಟು ಹೊರಟೇಬಿಟ್ಟೆವು.

ಹತ್ತುವಾಗ ಒಂದು ತೊಂದರೆಯೂ ಇಲ್ಲ. ನಿಜ ಹೇಳಬೇಕು ಅಂದರೆ ಅಷ್ಟು ಚೆಂದದ ಬೆಳಗ್ಗೆಯನ್ನು ನಾನು ಈಚೆಗೆ ನೋಡಿಲ್ಲ. ಎರಡೂ ಕಡೆ ಕಾಫಿ ತೋಟ, ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಕವಿಕಲ್ ಗಂಡಿ ಹತ್ತಿರ ಗಾಳಿ ಹೆಂಗಿತ್ತು ಅಂದರೆ ಸೈಕಲ್ ನಿಲ್ಲಿಸಿದರೆ ಅದೇ ಬೀಳುತ್ತಿತ್ತು. ಅತ್ತಿಗುಂಡಿಯಲ್ಲಿ ಚಹಾ, ಬಿಸಿ ಆಮ್ಲೆಟ್. ಹತ್ತು ಗಂಟೆ ಮೇಲೆ ಕಾರುಗಳ ಸಾಲು ಶುರುವಾಗುತ್ತೆ, ಭಾನುವಾರ ಹೋಗಲೇಬೇಡಿ. ಅದು ಬಿಡಿ.

ವಾಪಸ್ ಹೊರಟಾಗ ಮೂರು ಗಂಟೆ ಇರಬೇಕು. ಮಂಜು ಇಳಿದಿತ್ತು, ರಸ್ತೆ ಒದ್ದೆ, ರಿಮ್ ಒದ್ದೆ. ನಮ್ಮದು ಡಿಸ್ಕ್ ಬ್ರೇಕ್ ಅಲ್ಲ, ರಬ್ಬರ್ ಕಟ್ಟೆ ರಿಮ್ಮಿಗೆ ಒತ್ತುವ ಮಾಮೂಲಿ ಬ್ರೇಕು. ರಿಮ್ ಒದ್ದೆಯಾದರೆ ಅದು ಹಿಡಿಯೋಕೆ ಹೊತ್ತು ಬೇಕು, ಮೊದಲು ನೀರು ಒರೆಸಬೇಕಲ್ಲ. ನಾನು ಭಯಕ್ಕೆ ಎರಡೂ ಬ್ರೇಕನ್ನು ಬಿಡದೆ ಅದುಮಿಕೊಂಡೇ ಇಳಿಯುತ್ತಿದ್ದೆ. ಇದೂ ತಪ್ಪೇ: ಹಾಗೆ ಮಾಡಿದರೆ ರಬ್ಬರ್, ರಿಮ್ ಎಲ್ಲ ಕಾಯುತ್ತೆ, ಕೈಯೂ ಸೋಲುತ್ತೆ. ನೇರ ರಸ್ತೆಯಲ್ಲಿ ಬಿಟ್ಟು, ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ಮತ್ತೆ ಬಿಡಬೇಕು.

ಕವಿಕಲ್ ಗಂಡಿ ದಾಟಿ ಸ್ವಲ್ಪ ಕೆಳಗೆ ಬಂದಾಗ ಹಿಂದಿನ ಬ್ರೇಕಿನ ಹಿಡಿ ಮೊದಲಿಗಿಂತ ಜಾಸ್ತಿ ಒಳಗೆ ಬರುತ್ತಿದೆ ಅನ್ನಿಸಿತು. ಕೈ ಸೋತಿದೆ ಅಂದುಕೊಂಡೆ. ಇನ್ನೊಂದು ತಿರುವು, ಇನ್ನೂ ಒಳಗೆ. ಆಗ ಇಳಿದು ನೋಡಿದ್ದರೆ ಇವತ್ತು ಈ ಬರಹವೇ ಇರುತ್ತಿರಲಿಲ್ಲ. ಮುಂದಿನ ಇಳಿಜಾರಿನಲ್ಲಿ 'ಟಪ್' ಅಂತ ಸದ್ದಾಯಿತು, ಹಿಡಿ ಹ್ಯಾಂಡಲ್ಲಿಗೆ ಬಂದು ಅಂಟಿಕೊಂಡಿತು. ಮುಂದಿನ ಬ್ರೇಕ್ ಹಿಡಿದರೆ ಕಿರ್ರ್ ಅಂತ ಸದ್ದು ಮಾತ್ರ. ಎಡಕ್ಕೆ ತೋಟದ ಇಳುಕಲು, ಬಲಕ್ಕೆ ಧರೆ, ಅಂದರೆ ರಸ್ತೆಗಾಗಿ ಗುಡ್ಡ ಕಡಿದ ಮಣ್ಣಿನ ಗೋಡೆ. ಎದುರಿಗೆ ಗಾಡಿ ಇರಲಿಲ್ಲ, ಅದು ನನ್ನ ಪುಣ್ಯ. ಧರೆ ಕಡೆಯ ಚರಂಡಿಗೆ ಸೈಕಲ್ ನುಗ್ಗಿಸಿದೆ.

ಹಿಂದೆ ಬರುತ್ತಿದ್ದ ಭಾವಮೈದ "ಭಾವಾ, ಭಾವಾ" ಅಂತ ಕೂಗುತ್ತಿದ್ದದ್ದು ಕೇಳುತ್ತಿತ್ತು, ಉತ್ತರ ಕೊಡೋಕೆ ಉಸಿರಿರಲಿಲ್ಲ. ಫೋನಿಗೆ ನೆಟ್‌ವರ್ಕ್ ಇಲ್ಲ. ತೋಟದ ಕೆಲಸ ಮುಗಿಸಿ ಹೋಗುತ್ತಿದ್ದ ಒಬ್ಬ ಅಕ್ಕ ಓಡಿ ಬಂದರು. ಮೊಣಕೈಯಲ್ಲಿ ರಕ್ತ ಸುರಿಯುತ್ತಿತ್ತಲ್ಲ, ಪಕ್ಕದ ಲೈನ್ ಮನೆಯಿಂದ (ತೋಟದ ಕೆಲಸದವರ ಸಾಲುಮನೆ) ಒಂದು ಹಿಡಿ ಕಾಫಿ ಪುಡಿ ತಂದು ಗಾಯಕ್ಕೆ ಒತ್ತಿಬಿಟ್ಟರು. "ಅಳ್ಳಾಡ್ಬೇಡಿ ಅಣ್ಣ, ಈಗ ನಿಲ್ಲುತ್ತೆ." ರಕ್ತ ನಿಂತಿತು, ನಿಜ. ಆದರೆ ಆಸ್ಪತ್ರೆಯಲ್ಲಿ ನರ್ಸಮ್ಮ ಅದನ್ನು ಕಣಕಣವಾಗಿ ತೊಳೆದು ತೆಗೆಯೋಕೆ ಅರ್ಧ ಗಂಟೆ ಹಿಡಿಯಿತು. ಮೂಳೆ ಮುರಿದದ್ದಕ್ಕಿಂತ ಅದೇ ಜಾಸ್ತಿ ಉರಿಯಿತು. ಆ ಅಕ್ಕನ ಮೇಲೆ ನನಗೆ ಒಂದಿಷ್ಟೂ ಬೇಜಾರಿಲ್ಲ, ಪಿಕಪ್ ನಿಲ್ಲಿಸಿ ಹತ್ತಿಸಿದ್ದೂ ಅವರೇ. ಆದರೆ ಬ್ಯಾಗಿನಲ್ಲಿ ಒಂದು ಶುದ್ಧ ಬಟ್ಟೆ, ಒಂದು ಬ್ಯಾಂಡೇಜ್ ಸುರುಳಿ ಇಟ್ಟುಕೊಳ್ಳಿ. ಗಾಯಕ್ಕೆ ಬಟ್ಟೆ ಒತ್ತಿ ಹಿಡಿದರೆ ಸಾಕು.

ಬಾಡಿಗೆ ಸೈಕಲ್ ತಗೊಳ್ಳುವವರು ಅಂಗಡಿಯವನ ಗಿರ್ರ್ ಆಟ ನೋಡಿ ಮರುಳಾಗಬೇಡಿ. ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ, ಹಿಂದಿನ ಚಕ್ರ ನೆಲದಿಂದ ಏಳಬೇಕು. ಹಿಂದಿನದು ಹಿಡಿದು ತಳ್ಳಿದರೆ ಚಕ್ರ ತಿರುಗದೆ ಎಳೆದುಕೊಂಡು ಬರಬೇಕು. ರಬ್ಬರಿನ ಮೇಲೆ ಗೆರೆಗಳು ಇನ್ನೂ ಇವೆಯಾ ನೋಡಿ, ನನ್ನದರಲ್ಲಿ ಬೋಳಾಗಿತ್ತು. ಎಲ್ಲಕ್ಕಿಂತ ಮುಖ್ಯ, ಹಿಡಿ ಒತ್ತಿಕೊಂಡು ಅದರ ಸಂದಿಯಲ್ಲಿ ಮೊಬೈಲ್ ಟಾರ್ಚ್ ಬಿಟ್ಟು, ವೈರಿನ ತುದಿಯ ಗುಂಡು ಕೂರುವ ಜಾಗ ನೋಡಿ. ಒಂದು ಎಳೆ ಬಿಚ್ಚಿಕೊಂಡಿದ್ದರೂ ಆ ಸೈಕಲ್ ಬೇಡ. ಅಂಗಡಿಯವನು ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ.

ನನ್ನ ಅಡ್ವಾನ್ಸ್ ವಾಪಸ್ ಬಂದಿಲ್ಲ. ರಿಮ್ ಬಗ್ಗಿದೆಯಂತೆ, ನನಗೆ ಓಡಿಸೋಕೆ ಬರಲ್ಲವಂತೆ, ವೈರ್ ಹೊಸದಂತೆ. ಸೈಕಲ್ ಒಪ್ಪಿಸುವ ಮುಂಚೆ ಭಾವಮೈದ ತುಂಡಾದ ವೈರನ್ನು ಎಳೆದು ಜೇಬಿಗೆ ಹಾಕಿಕೊಂಡಿದ್ದ. ಈಗ ನನ್ನ ಮೇಜಿನ ಮೇಲಿದೆ. ಒಟ್ಟು 19 ಎಳೆ, ಎರಡು ಸಲ ಎಣಿಸಿದೆ. ಎಂಟರ ತುದಿ ಬೆಳ್ಳಗೆ ಹೊಳೆಯುತ್ತಿದೆ. ಉಳಿದ ಹನ್ನೊಂದರ ತುದಿಯಲ್ಲಿ ತುಕ್ಕು.