ಕನ್ನಡ ಅಕ್ಷರದ ಮ್ಯಾಗ್ನೆಟ್ ಡಬ್ಬಿ: ಲೆಕ್ಕ ಸರಿ ಇದೆ, ಆದ್ರೆ 'ತಾತ' ಬರೆಯೋಕಾಗಲ್ಲ

ಮಕ್ಕಳಿಗೆ ಕನ್ನಡ ಅಕ್ಷರದ ಮ್ಯಾಗ್ನೆಟ್ ತರಬೇಕು ಅಂತ ಇರುವವರು ಮೊದಲು ಡಬ್ಬಿಯಲ್ಲಿ ಯಾವ ಅಕ್ಷರ ಎಷ್ಟು ಸಲ ಇದೆ ಅಂತ ನೋಡಿ. ಬಣ್ಣ, ಗಾತ್ರ ಎಲ್ಲ ಆಮೇಲೆ. ಎರಡನೇ ಕ್ಲಾಸಿನ ಮಗಳಿಗೆ ಅಂತ ನಾನು ತಂದ ಡಬ್ಬಿಗೆ 650 ರೂಪಾಯಿ. ಅದರ ಮೇಲೆ ದೊಡ್ಡದಾಗಿ '15,000ಕ್ಕೂ ಹೆಚ್ಚು ಅಕ್ಷರ ಜೋಡಿಸಿ' ಅಂತ ಅಚ್ಚು ಹಾಕಿದ್ದಾರೆ.

ಈ ಮಾತು ಸುಳ್ಳಲ್ಲ, ಕೂತು ಲೆಕ್ಕ ಹಾಕಿದೆ. ವ್ಯಂಜನ 34. ಒಂದೊಂದಕ್ಕೂ ಅ ಇಂದ ಔ ವರೆಗಿನ 13 ಸ್ವರ ಸೇರುತ್ತವೆ, ಹಾಗಾಗಿ ಅಂ ಅಃ ಬಿಟ್ಟರೂ ಕಾಗುಣಿತವೇ 34 × 13 = 442 ಆಗುತ್ತದೆ. ಇವುಗಳ ಕೆಳಗೆ 34 ಒತ್ತುಗಳಲ್ಲಿ ಯಾವುದನ್ನು ಬೇಕಾದರೂ ಇಡಬಹುದು ಅಂದುಕೊಂಡರೆ 442 × 34 = 15,028. ಙಕ್ಕೆ ಝ ಒತ್ತು ಕೊಟ್ಟು ಔತ್ವ ಹಾಕಿದ ಅಕ್ಷರವನ್ನು ಯಾರೂ ಬರೆಯುವುದಿಲ್ಲ, ನಿಜ. ಆದರೂ ಲೆಕ್ಕ ಲೆಕ್ಕವೇ. 'ರಾಷ್ಟ್ರ'ದಲ್ಲಿ ಇರುವ ಹಾಗೆ ಎರಡು ಒತ್ತು ಬಂದರೆ ಇನ್ನೊಂದು 34ರಿಂದ ಗುಣಿಸಿ, 5 ಲಕ್ಷ ದಾಟುತ್ತದೆ.

ಇಷ್ಟೆಲ್ಲ ಬರೆಯೋಕೆ ಡಬ್ಬಿಯಲ್ಲಿ ಇರುವುದು ಬರೀ 106 ತುಂಡು. ನನಗೆ ಇಲ್ಲೇ ತುಂಬಾ ಇಷ್ಟವಾಯಿತು. ವ್ಯಂಜನಗಳನ್ನು ತಲೆಕಟ್ಟು ಇಲ್ಲದೆ ಮಾಡಿದ್ದಾರೆ. ತಲೆಕಟ್ಟು, ಇಳಿ, ಗುಡಿಸು, ಕೊಂಬು, ಎತ್ವ ಎಲ್ಲ ಬೇರೆ ಬೇರೆ, ಒತ್ತುಗಳೂ ಬೇರೆ. ಸ ಮೇಲಿನ ತಲೆಕಟ್ಟು ತೆಗೆದು ಗುಡಿಸು ಇಟ್ಟರೆ 'ಸಿ' ಆಯಿತು. ಮಗು ಇದನ್ನು ಕೈಯಾರೆ ಮಾಡಿದಾಗ ಕಾಗುಣಿತ ಬಾಯಿಪಾಠ ಮಾಡುವ ಕಷ್ಟವೇ ಇರುವುದಿಲ್ಲ.

ಮಾಡಿದವರಿಗೆ ಕನ್ನಡ ಚೆನ್ನಾಗಿ ಗೊತ್ತು ಅನ್ನೋದಕ್ಕೆ ಒಂದು ಗುರುತು ಹೇಳುತ್ತೇನೆ. ವ ಪಕ್ಕದಲ್ಲಿ ಮಾಮೂಲಿ ಕೊಂಬು ಇಟ್ಟರೆ ಅದು 'ವು' ಆಗುವುದಿಲ್ಲ, 'ಮ' ತರಹ ಕಾಣುತ್ತದೆ. ಅದಕ್ಕೇ ಅಲ್ವಾ ನಾವು 'ವು' ಬರೆಯುವಾಗ ಕೊಂಬನ್ನು ಕೆಳಕ್ಕೆ ಇಳಿಸುವುದು? ಪ, ಫ, ವ ಮೂರಕ್ಕೂ ಸೇರಿಸಿ ಕೆಳಗೆ ಕೂರುವ ಒಂದು ಕೊಂಬನ್ನೇ ಬೇರೆ ಕೊಟ್ಟಿದ್ದಾರೆ. ಇಷ್ಟು ಯೋಚನೆ ಮಾಡಿದವರನ್ನು ಮೆಚ್ಚಲೇಬೇಕು.

ಈಗ ದೂರು. ತಲೆಕಟ್ಟು 10 ಇದೆ, ಉಳಿದದ್ದೆಲ್ಲ ಒಂದೊಂದೇ! ಒಂದು ಅಕ್ಷರ ಬರೆಯುವವರೆಗೆ ತೊಂದರೆ ಇಲ್ಲ, ಪದ ಬರೆಯಲು ಹೊರಟರೆ ಸಿಕ್ಕಿಹಾಕಿಕೊಳ್ಳುತ್ತೀರಿ. 'ಕನ್ನಡ' ಬರುತ್ತದೆ, ಯಾಕೆಂದರೆ ಎರಡನೇ ನ ಒತ್ತಿನ ರೂಪದಲ್ಲಿ ಇದೆ. 'ಅಮ್ಮ' ಬರುತ್ತದೆ, 'ಅಪ್ಪ' ಬರುತ್ತದೆ, ಆದರೆ ಎರಡನ್ನೂ ಒಟ್ಟಿಗೆ ಫ್ರಿಜ್ ಮೇಲೆ ಬರೆಯೋಕೆ ಆಗಲ್ಲ, ಇರುವುದು ಒಂದೇ ಅ. 'ತಾತ'ಕ್ಕೆ ಎರಡು ತ ಬೇಕು. 'ಮಾಮ', 'ಪಾಪ', 'ನಾನು' ಎಲ್ಲ ಹೀಗೇ. 'ಗಿಳಿ'ಗೆ ಎರಡು ಗುಡಿಸು ಬೇಕು.

ಇದು ಎಷ್ಟು ದೊಡ್ಡ ಕೊರತೆ ಅಂತ ಇದನ್ನೂ ಲೆಕ್ಕ ಹಾಕಿ ನೋಡಿದೆ. ಒತ್ತಿಲ್ಲದ ಎರಡು ಕಾಗುಣಿತ ಅಕ್ಷರ ಪಕ್ಕಪಕ್ಕ ಇಡಲು 442 × 442, ಅಂದರೆ 1,95,364 ದಾರಿ ಇವೆ. ಅದೇ ವ್ಯಂಜನ ಮತ್ತೆ ಬರುವಂತಿಲ್ಲ ಅಂದರೆ ವ್ಯಂಜನಗಳಿಗೆ 34 × 33 ದಾರಿ. ಸ್ವರದ ಗುರುತಿನಲ್ಲಿ ತಲೆಕಟ್ಟು ಬಿಟ್ಟು ಬೇರೆ ಯಾವುದೂ ಎರಡು ಸಲ ಬರುವಂತಿಲ್ಲ, ಆದ್ದರಿಂದ 169ರಲ್ಲಿ 12 ಹೋಗಿ 157 ಉಳಿಯುತ್ತದೆ. ಗುಣಿಸಿದರೆ 1,76,154. ಹೋದದ್ದು ನೂರಕ್ಕೆ ಹತ್ತರಷ್ಟು ಅಷ್ಟೇ. ಕಾಗದದ ಮೇಲೆ ಜಾಸ್ತಿ ಅಲ್ಲ. ಆದರೆ ಪುಟ್ಟ ಮಕ್ಕಳು ಮೊದಲು ಬರೆಯಲು ಆಸೆಪಡುವ ಪದಗಳು ಆ ಹತ್ತರಲ್ಲೇ ಕೂತಿವೆ. ಬರೀ ಒಟ್ಟು ಸಂಖ್ಯೆ ನೋಡಿ ಡಬ್ಬಿ ತುಂಬಿಸಿದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನೊಂದು ಜಾಸ್ತಿ ಬೇಜಾರಿನ ವಿಷಯ, ಅರ್ಕಾವತ್ತು ಇಲ್ಲ. 'ಕರ್ನಾಟಕ'ದ 'ರ್ನಾ'ವನ್ನು ರಕ್ಕೆ ನ ಒತ್ತು ಕೊಟ್ಟು ಬರೆಯಿರಿ ಅನ್ನಬಹುದು, ಆದರೆ ಸ್ಕೂಲಿನ ಪುಸ್ತಕದಲ್ಲಿ ಮಗು ಹಾಗೆ ನೋಡಿರುವುದಿಲ್ಲ. ಜೊತೆಗೆ ಕ ಬೇರೆ ಒಂದೇ. ಹಾಗಾಗಿ ಕನ್ನಡ ಕಲಿಸುವ ಈ ಡಬ್ಬಿಯಿಂದ 'ಕರ್ನಾಟಕ' ಅಂತ ಬರೆಯಲು ಆಗುವುದಿಲ್ಲ. ನವೆಂಬರ್ 1ಕ್ಕೆ ಮಕ್ಕಳು ಬರೆಯುವುದು ಇದನ್ನೇ ತಾನೇ?

ಆಟಕ್ಕೆ ಮಾತ್ರ ಚೆನ್ನಾಗಿದೆ. ಕ, ಮ, ಲ ಮೂರನ್ನು ಕೊಟ್ಟು ಎಷ್ಟು ತರಹ ಜೋಡಿಸಬಹುದು ಅಂತ ಕೇಳಿದೆ. ಮೊದಲ ಜಾಗಕ್ಕೆ ಮೂರು, ಆಮೇಲೆ ಎರಡು, ಕೊನೆಗೆ ಒಂದು, ಒಟ್ಟು ಆರು. ಮಗಳು ಆರನ್ನೂ ಜೋಡಿಸಿ ಜೋರಾಗಿ ಓದಿದಳು, 'ಕಮಲ' ಬಂದಾಗ ಕುಣಿದಳು. 'ನಯನ'ಕ್ಕೆ ಮೂರೇ ಯಾಕೆ ಅಂತ ತೋರಿಸಬೇಕು ಅಂತಿತ್ತು, ಎರಡು ನ ಇಲ್ಲದೆ ಸುಮ್ನೆ ಬಾಯಲ್ಲಿ ಹೇಳಬೇಕಾಯಿತು.

ಮ್ಯಾಗ್ನೆಟ್ ಗಟ್ಟಿಯಾಗಿದೆ, ಅಂಚು ಚುಚ್ಚುವುದಿಲ್ಲ. ಒತ್ತುಗಳು ತೀರಾ ಚಿಕ್ಕವು, ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗು ಮನೆಯಲ್ಲಿದ್ದರೆ ದಯವಿಟ್ಟು ತರಬೇಡಿ. ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ. ಙ, ಝ ಒತ್ತುಗಳನ್ನು ತೆಗೆದು ಆ ಜಾಗದಲ್ಲಿ ಅರ್ಕಾವತ್ತು ಮತ್ತು ಇನ್ನೊಂದು ಗುಡಿಸು ಹಾಕಿ, ಅ, ಕ, ತ, ನ, ಮ, ರ ಎರಡೆರಡು ಕೊಟ್ಟರೆ, ಬೆಲೆ ಐವತ್ತು ರೂಪಾಯಿ ಜಾಸ್ತಿ ಆದರೂ ನಾನೇ ಇನ್ನೊಂದು ಡಬ್ಬಿ ತರುತ್ತೇನೆ.