ಪರಿಷೆಯ 1,400 ಫೋಟೊ, ನಾಲ್ಕು ಸಾಫ್ಟ್‌ವೇರ್

2024ರ ಕಡಲೆಕಾಯಿ ಪರಿಷೆಯಲ್ಲಿ ಎರಡು ಸಂಜೆ ಕ್ಯಾಮೆರಾ ಹಿಡಿದು ಬುಲ್ ಟೆಂಪಲ್ ರಸ್ತೆ ಸುತ್ತಿದೆ. ಮನೆಗೆ ಬಂದು ನೋಡಿದರೆ ಕಾರ್ಡಿನಲ್ಲಿ 1,400 ರಾ ಫೈಲ್ (ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಹಾಗೇ ಇಡುವ ಫೈಲ್), ಹತ್ತಿರ ಹತ್ತಿರ 38 ಜಿಬಿ. ಒಂದು ಅಂಗಡಿಗೆ ಬಿಳಿ ಎಲ್‌ಇಡಿ, ಪಕ್ಕದ ಅಂಗಡಿಗೆ ಹಳದಿ ಬಲ್ಬು, ಮೇಲೆ ಸೀರಿಯಲ್ ಸೆಟ್ಟಿನ ನೀಲಿ. ಸೇರಿನಲ್ಲಿ ಕಡಲೆಕಾಯಿ ಅಳೆದು ಕೊಡುತ್ತಿದ್ದ ಅಜ್ಜಿಯ ಒಂದು ಕೆನ್ನೆ ನೀಲಿ, ಇನ್ನೊಂದು ಕಿತ್ತಳೆ. ಕತ್ತಲಾದ ಮೇಲೆ ತೆಗೆದದ್ದೆಲ್ಲ ಐಎಸ್‌ಒ 6400, ಅಂದರೆ ಫೋಟೊದಲ್ಲಿ ಕಾಳುಕಾಳು ಕಾಣುವಷ್ಟು ಸೂಕ್ಷ್ಮತೆ ಏರಿಸಿ ತೆಗೆದದ್ದು. ಸಾಫ್ಟ್‌ವೇರ್ ಪರೀಕ್ಷೆಗೆ ಇದಕ್ಕಿಂತ ಕಷ್ಟದ ಫೋಟೊ ಇನ್ನೇನು ಬೇಕು ಅಂತ, ಫೋಟೊ ಎಡಿಟ್ ಮಾಡುವ ಲೈಟ್‌ರೂಮ್ ಕ್ಲಾಸಿಕ್, ಕ್ಯಾಪ್ಚರ್ ಒನ್, ಡಾರ್ಕ್‌ಟೇಬಲ್ ಮೂರರಲ್ಲೂ ಅವನ್ನೇ ಮೊದಲಿಂದ ಕೊನೆಯವರೆಗೆ ಮಾಡಿ ನೋಡಿದೆ. ಒಳ್ಳೆಯ ಫೋಟೊಗಳನ್ನು ಹೆಕ್ಕುವ ಕೆಲಸಕ್ಕೆ ಮಾತ್ರ ನಾಲ್ಕನೆಯದಾಗಿ ಫಾಸ್ಟ್‌ರಾವ್ಯೂವರ್ ಇಟ್ಟುಕೊಂಡೆ.

ನಾನು ವಾರಾಂತ್ಯದಲ್ಲಿ ಮದುವೆ, ನಾಮಕರಣ ತೆಗೆಯುವವನು. ನನ್ನದು 16 ಜಿಬಿ ರ‍್ಯಾಮ್ ಇರುವ ಸಾಧಾರಣ ವಿಂಡೋಸ್ ಲ್ಯಾಪ್‌ಟಾಪ್. ಯಾವುದರಲ್ಲಿ ಬಣ್ಣ ಚೆನ್ನಾಗಿ ಬರುತ್ತೆ ಅಂತ ತುಂಬಾ ಜನ ಕೇಳುತ್ತಾರೆ. ಮೂರರಲ್ಲೂ ಚೆನ್ನಾಗಿಯೇ ಬರುತ್ತದೆ. ನಾನು ಮೊದಲು ನೋಡುವುದು ಬೇರೆ: ನಾವು ಮಾಡಿದ ಎಡಿಟ್ ಎಲ್ಲಿ ಕೂತಿರುತ್ತದೆ?

ಇದು ನನಗೆ ಗೊತ್ತಾದದ್ದು ಕಷ್ಟಪಟ್ಟ ಮೇಲೆ. ಕೆಲವು ವರ್ಷಗಳ ಹಿಂದೆ ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟಿದ್ದೆ, ಅಂಗಡಿಯವರು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ಕೊಟ್ಟರು. ಫೋಟೊಗಳೆಲ್ಲ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇದ್ದವು, ಹಾಗಾಗಿ ನಾನೂ ನಿಶ್ಚಿಂತೆಯಿಂದ ಇದ್ದೆ. ಒಂದು ಮನೆಯವರು ನಾಮಕರಣದ ಆಲ್ಬಂ ಇನ್ನೊಂದು ಪ್ರತಿ ಬೇಕು ಅಂದಾಗ ತೆರೆದು ನೋಡಿದರೆ, ರಾ ಫೈಲ್ ಎಲ್ಲ ಇವೆ, ಎಡಿಟ್ ಒಂದೂ ಇಲ್ಲ. ಈ ಸಾಫ್ಟ್‌ವೇರ್‌ಗಳು ಎಡಿಟನ್ನು ರಾ ಫೈಲಿನೊಳಗೆ ಬರೆಯುವುದಿಲ್ಲ, ಬೇರೆ ಕಡೆ ಬರೆದಿಡುತ್ತವೆ. ಹಾಗೆ ಎಡಿಟ್‌ಗಳನ್ನು ಬರೆದಿಟ್ಟಿದ್ದ ಕ್ಯಾಟಲಾಗ್ ಫೈಲ್ ಸಿ ಡ್ರೈವಿನಲ್ಲಿತ್ತು. ಹಳೆಯ ಆಲ್ಬಮ್ಮನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು 212 ಫೋಟೊಗಳಿಗೆ ಮತ್ತೆ ಅದೇ ಬಣ್ಣ ತರಲು ಮೂರು ರಾತ್ರಿ ಹಿಡಿಯಿತು.

ಲೈಟ್‌ರೂಮ್ ಕ್ಲಾಸಿಕ್ ಕೂಡ ಎಡಿಟ್‌ಗಳನ್ನು ಒಂದೇ ಕ್ಯಾಟಲಾಗ್ ಫೈಲಿನಲ್ಲಿ ಇಡುತ್ತದೆ. ನೀವು ಬದಲಾಯಿಸದಿದ್ದರೆ ಆ ಫೈಲ್ ಇರುವುದು ಪಿಕ್ಚರ್ಸ್ ಫೋಲ್ಡರಿನಲ್ಲಿ. ನಿಲ್ಲಿಸುವಾಗ ಬ್ಯಾಕಪ್ ತೆಗೆದುಕೊಳ್ಳಲಾ ಅಂತ ಅದು ಕೇಳುತ್ತದಲ್ವಾ, ಆ ಬ್ಯಾಕಪ್ ಕ್ಯಾಟಲಾಗಿನದು ಮಾತ್ರ, ಫೋಟೊಗಳದಲ್ಲ. ಕ್ಯಾಟಲಾಗ್ ಸೆಟ್ಟಿಂಗ್ಸ್‌ನ ಮೆಟಾಡೇಟಾ ಪುಟದಲ್ಲಿ ಬದಲಾವಣೆಗಳನ್ನು ಎಕ್ಸ್‌ಎಂಪಿ ಎಂಬ ಪಕ್ಕದ ಫೈಲಿಗೆ ತಾನಾಗಿಯೇ ಬರೆಯುವ ಒಂದು ಟಿಕ್ ಇದೆ. ಹೊಸದಾಗಿ ಹಾಕಿದಾಗ ಅದು ಆಫ್ ಇರುತ್ತದೆ. ಮೊದಲು ಅದನ್ನು ಆನ್ ಮಾಡಿ. ಆಮೇಲೆ ಪ್ರತಿ ರಾ ಫೈಲಿನ ಪಕ್ಕದಲ್ಲೂ ಒಂದು ಚಿಕ್ಕ ಫೈಲ್ ಕೂರುತ್ತದೆ, ಎಡಿಟ್ ಅದರಲ್ಲೂ ಇರುತ್ತದೆ. ನಾವು ಮಾಡಿದ ಫೋಟೊ ಗುಂಪುಗಳು (ಕಲೆಕ್ಷನ್) ಮತ್ತು ಒಂದೇ ಫೋಟೊದ ಇನ್ನೊಂದು ಎಡಿಟ್ (ವರ್ಚುವಲ್ ಕಾಪಿ) ಮಾತ್ರ ಅದರೊಳಗೆ ಹೋಗುವುದಿಲ್ಲ, ಹಾಗಾಗಿ ಕ್ಯಾಟಲಾಗ್ ಬ್ಯಾಕಪ್ಪನ್ನೂ ಬಿಡಬೇಡಿ.

ಡಾರ್ಕ್‌ಟೇಬಲ್‌ನಲ್ಲಿ ಈ ಪಕ್ಕದ ಫೈಲ್ ನಾವು ಏನೂ ಕೇಳದೆಯೇ ಬರುತ್ತದೆ. ಕ್ಯಾಪ್ಚರ್ ಒನ್‌ನಲ್ಲಿ ಕ್ಯಾಟಲಾಗ್ ಬೇಡವಾದರೆ ಸೆಷನ್ ಅಂತ ಇನ್ನೊಂದು ದಾರಿ ಇದೆ, ನನಗೆ ಅದು ತುಂಬಾ ಇಷ್ಟವಾಯಿತು. ಒಂದು ಕೆಲಸಕ್ಕೆ ಒಂದು ಫೋಲ್ಡರ್. ತೆಗೆದದ್ದು, ಆರಿಸಿದ್ದು, ಹೊರಗೆ ಕೊಟ್ಟದ್ದು, ಬೇಡವಾದದ್ದು, ಎಡಿಟ್, ಎಲ್ಲ ಅದರೊಳಗೇ. ಆ ಫೋಲ್ಡರನ್ನು ಎತ್ತಿ ಇನ್ನೊಂದು ಡಿಸ್ಕಿಗೆ ಹಾಕಿದರೆ ಮುಗಿಯಿತು. ಒಂದು ಮದುವೆಗೆ ಒಂದು ಸೆಷನ್ ಅಂತ ಇಟ್ಟುಕೊಳ್ಳುವವರಿಗೆ ಹೇಳಿ ಮಾಡಿಸಿದಂತಿದೆ. ಹತ್ತು ವರ್ಷದ ಫೋಟೊಗಳಲ್ಲಿ ಒಂದನ್ನು ಹುಡುಕಬೇಕಾದರೆ ಮಾತ್ರ ಸೆಷನ್‌ನಿಂದ ಆಗುವುದಿಲ್ಲ, ಆಗ ಕ್ಯಾಟಲಾಗೇ ಬೇಕು.

ಈಗ ಹೆಕ್ಕುವ ಕೆಲಸ. ನಮ್ಮ ಸಮಯ ಹೆಚ್ಚು ಹೋಗುವುದೇ ಇಲ್ಲಿ. ಮಾಂಗಲ್ಯ ಧಾರಣೆಯ ಒಂದು ಗಳಿಗೆಗೆ ನಲವತ್ತು ಫೋಟೊ ಇರುತ್ತವೆ, ಅದರಲ್ಲಿ ಹುಡುಗಿಯ ಕಣ್ಣು ತೆರೆದಿದ್ದು, ಪುರೋಹಿತರ ಕೈ ಅಡ್ಡ ಬರದೆ, ಅಕ್ಷತೆ ಗಾಳಿಯಲ್ಲಿರುವುದು ಒಂದೋ ಎರಡೋ. ಲೈಟ್‌ರೂಮ್‌ಗೆ ಎಲ್ಲವನ್ನೂ ತುಂಬಿ ದೊಡ್ಡ ಪ್ರಿವ್ಯೂ ಮಾಡಿಸುತ್ತಾ ಕೂತರೆ ಕಾಫಿ ಕುಡಿದು ಬಂದರೂ ಮುಗಿದಿರುವುದಿಲ್ಲ. ಇಂಪೋರ್ಟ್ ಮಾಡುವಾಗ ಕ್ಯಾಮೆರಾ ರಾ ಫೈಲಿನೊಳಗೇ ಇಟ್ಟಿರುವ ಜೆಪೆಗ್ ಪ್ರಿವ್ಯೂ ಬಳಸು ಅಂತ ಆರಿಸಿದರೆ ಬಹಳ ಬೇಗ ಆಗುತ್ತದೆ, 2017ರಿಂದ ಈ ಸೌಲಭ್ಯ ಇದೆ, ನಮ್ಮಲ್ಲಿ ಬಳಸುವವರನ್ನು ನಾನು ಕಂಡದ್ದು ಕಡಿಮೆ. ಕ್ಯಾಪ್ಸ್ ಲಾಕ್ ಆನ್ ಮಾಡಿಟ್ಟುಕೊಂಡು ಸ್ಟಾರ್ ಕೊಟ್ಟರೆ ಮುಂದಿನ ಫೋಟೊ ತಾನೇ ಬರುತ್ತದೆ. ಪತ್ರಿಕೆಯವರು ನೆಚ್ಚಿಕೊಂಡಿರುವ ಫೋಟೊ ಮೆಕ್ಯಾನಿಕ್ ಅಷ್ಟು ವೇಗವಾಗಿ ಓಡುವುದೂ ಒಳಗಿನ ಜೆಪೆಗ್ ತೋರಿಸುವುದರಿಂದಲೇ. ಅದರ ಬೆಲೆ ಮಾತ್ರ ನನ್ನಂಥ ವಾರಾಂತ್ಯದವರಿಗೆ ಜಾಸ್ತಿ.

ಫಾಸ್ಟ್‌ರಾವ್ಯೂವರ್ ಬೆಲೆ ಅದಕ್ಕಿಂತ ಬಹಳ ಕಡಿಮೆ, ಮತ್ತು ಅದು ರಾ ಫೈಲಿನದೇ ಹಿಸ್ಟೋಗ್ರಾಮ್ (ಫೋಟೊದಲ್ಲಿ ಕತ್ತಲೆ, ಬೆಳಕು ಎಷ್ಟೆಷ್ಟಿದೆ ಎಂಬ ನಕ್ಷೆ) ತೋರಿಸುತ್ತದೆ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಕಾಣುವ ಹಿಸ್ಟೋಗ್ರಾಮ್ ಜೆಪೆಗ್‌ನದು. ಪರಿಷೆಯಲ್ಲಿ ಬಲ್ಬಿನ ಸುತ್ತ ಎಲ್ಲ ಬೆಳ್ಳಗೆ ಸುಟ್ಟು ಹೋಗಿದೆ ಅಂದುಕೊಂಡಿದ್ದ ಇಪ್ಪತ್ತಕ್ಕೂ ಹೆಚ್ಚು ಫೋಟೊಗಳಲ್ಲಿ ರಾ ಒಳಗೆ ಬಣ್ಣ ಹಾಗೇ ಉಳಿದಿತ್ತು. ಇದರಲ್ಲಿ ಕೊಟ್ಟ ಸ್ಟಾರ್ ಎಕ್ಸ್‌ಎಂಪಿಯಲ್ಲಿ ಕೂರುವುದರಿಂದ ಲೈಟ್‌ರೂಮ್‌ಗೆ ಹೋದಾಗ ಹಾಗೇ ಬರುತ್ತದೆ. ಒಂದು ಸಂಜೆಯಲ್ಲಿ ಜೊಳ್ಳೆಲ್ಲ ತೆಗೆದು 1,400 ಹೋಗಿ 310 ಉಳಿಯಿತು. ಎಡಿಟರ್‌ಗೆ ಕೊಟ್ಟದ್ದು ಆ 310 ಮಾತ್ರ.

ಅಜ್ಜಿಯ ನೀಲಿ ಕೆನ್ನೆಗೆ ಬರೋಣ. ಲೈಟ್‌ರೂಮ್‌ನಲ್ಲಿ ಜನರನ್ನು ಆರಿಸುವ ಮಾಸ್ಕ್ (ಫೋಟೊದ ಒಂದು ಭಾಗವನ್ನು ಮಾತ್ರ ತಿದ್ದಲು ಗುರುತು ಮಾಡುವುದು) ಇದೆ, ಮುಖದ ಚರ್ಮವನ್ನು ಅದೇ ಹುಡುಕಿಕೊಳ್ಳುತ್ತದೆ. ನೀಲಿ ಕಡೆಯನ್ನು ಉಳಿಸಿಕೊಂಡು ಉಳಿದದ್ದನ್ನು ಬ್ರಷ್ಷಿನಿಂದ ಕಳೆದು, ಟೆಂಪರೇಚರ್ ಸ್ವಲ್ಪ ಬೆಚ್ಚಗೆ ಮಾಡಿದೆ. ಎರಡು ನಿಮಿಷ. ಕತ್ತಲಲ್ಲಿ ತೆಗೆದ ಫೋಟೊದ ಕಾಳುಕಾಳು ತೆಗೆಯಲು ಲೈಟ್‌ರೂಮ್‌ಗೆ 2023ರಲ್ಲಿ ಬಂದ ಎಐ ಡಿನಾಯ್ಸ್ ಬಹಳ ಒಳ್ಳೆಯದು, ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಒಂದೊಂದು ಫೋಟೊಗೂ ಕಾಯಬೇಕು. ದೊಡ್ಡದಾಗಿ ಪ್ರಿಂಟ್ ಹಾಕಿಸುವ ಹತ್ತು ಫೋಟೊಗೆ ಸಾಕು, 310ಕ್ಕೂ ಬೇಕಿಲ್ಲ.

ಕ್ಯಾಪ್ಚರ್ ಒನ್‌ನಲ್ಲಿ ಚರ್ಮದ ಬಣ್ಣಕ್ಕೇ ಬೇರೆ ಪಟ್ಟಿ ಇದೆ. ಒಂದು ಕಡೆ ಸರಿಯಾದ ಬಣ್ಣ ತೋರಿಸಿದರೆ ಮುಖದ ಉಳಿದ ಭಾಗವನ್ನು ಅದರ ಹತ್ತಿರಕ್ಕೆ ಎಳೆಯುತ್ತದೆ. ನಮ್ಮ ಕಡೆಯ ಗೋಧಿ, ಎಣ್ಣೆಗೆಂಪು, ಕಪ್ಪು ಮೈಬಣ್ಣಗಳನ್ನು ಬೂದಿ ಬಳಿದಂತೆ ಮಾಡದೆ ಉಳಿಸಿಕೊಳ್ಳುತ್ತದೆ. ಅರಿಶಿನ ಶಾಸ್ತ್ರದ ಫೋಟೊಗೆ ಮಾತ್ರ ಅದನ್ನು ಮುಟ್ಟಬೇಡಿ, ಕೆನ್ನೆಯ ಅರಿಶಿನವನ್ನೂ ದೋಷ ಅಂತಲೇ ತಿಳಿದು ಸಮ ಮಾಡಿಬಿಡುತ್ತದೆ. ಕೇಬಲ್ ಹಾಕಿ ನೇರವಾಗಿ ಕಂಪ್ಯೂಟರಿಗೆ ಫೋಟೊ ತೆಗೆಯುವ ಸ್ಟುಡಿಯೊದವರಿಗೆ, ಒಡವೆ, ಸೀರೆ ಅಂಗಡಿಗಳ ಕೆಲಸ ಮಾಡುವವರಿಗೆ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ.

ಡಾರ್ಕ್‌ಟೇಬಲ್ ಪೂರ್ತಿ ಉಚಿತ, ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಮೊದಲ ವಾರ ಕಷ್ಟ ಅಂತ ನೇರವಾಗಿ ಹೇಳುತ್ತೇನೆ. ಅಷ್ಟೊಂದು ಮಾಡ್ಯೂಲ್‌ಗಳಿವೆ (ಒಂದೊಂದು ಬಗೆಯ ತಿದ್ದುವಿಕೆಗೆ ಒಂದೊಂದು ಸಾಧನ), ಒಂದೇ ಕೆಲಸಕ್ಕೆ ಮೂರು ದಾರಿ ಇರುತ್ತದೆ. ಬೆಳಕಿಗೆ ಎಕ್ಸ್‌ಪೋಶರ್, ಬಣ್ಣಕ್ಕೆ ಕಲರ್ ಕ್ಯಾಲಿಬ್ರೇಶನ್, ಕಾಂಟ್ರಾಸ್ಟ್‌ಗೆ ಸಿಗ್ಮಾಯ್ಡ್, ಈ ಮೂರನ್ನು ಮಾತ್ರ ಮೊದಲು ಕಲಿಯಿರಿ, ಉಳಿದದ್ದನ್ನು ತೆರೆಯಲೇಬೇಡಿ. ಅಲ್ಲಿ ಒಂದೇ ಮಾಡ್ಯೂಲನ್ನು ಎರಡು ಸಲ ಹಾಕಬಹುದು, ಎರಡಕ್ಕೂ ಬೇರೆ ಬೇರೆ ಮಾಸ್ಕ್ ಕೊಡಬಹುದು. ನೀಲಿ ಬೆಳಕಿಗೆ ಒಂದು ಕಲರ್ ಕ್ಯಾಲಿಬ್ರೇಶನ್, ಹಳದಿ ಬಲ್ಬಿಗೆ ಇನ್ನೊಂದು. ಮಾಸ್ಕನ್ನು ಕೈಯಲ್ಲೇ ಬರೆದೆ, ಹತ್ತು ನಿಮಿಷ ಹಿಡಿಯಿತು. ಆದರೆ ಆ ಅಜ್ಜಿಯ ಮುಖ ಮೂರರಲ್ಲಿ ಅತಿ ಸಹಜವಾಗಿ ಬಂದದ್ದು ಇಲ್ಲೇ. ಗೋಡೆಗೆ ಹಾಕಿರುವುದೂ ಆ ಪ್ರತಿಯನ್ನೇ.

ದುಡ್ಡಿನ ವಿಷಯ. ಲೈಟ್‌ರೂಮ್ ಬಾಡಿಗೆ ಮನೆ ಇದ್ದ ಹಾಗೆ, ಚಂದಾ ಕಟ್ಟುತ್ತಲೇ ಇರಬೇಕು. ಒಮ್ಮೆ ದುಡ್ಡು ಕೊಟ್ಟು ತೆಗೆದುಕೊಳ್ಳುವ ಕೊನೆಯ ಲೈಟ್‌ರೂಮ್ 2015ರ ಆರನೇ ಆವೃತ್ತಿ. 20 ಜಿಬಿ ಕ್ಲೌಡ್ ಜಾಗದ ಅಗ್ಗದ ಪ್ಲಾನ್ ಕೂಡ 2025ರ ಜನವರಿಯಿಂದ ಹೊಸಬರಿಗೆ ಸಿಗುತ್ತಿಲ್ಲ. ಚಂದಾ ನಿಂತರೆ ಫೋಟೊ ನೋಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು, ಎಡಿಟ್ ಮಾಡುವ ಡೆವಲಪ್ ಭಾಗದ ಬಾಗಿಲು ಮುಚ್ಚುತ್ತದೆ. ಬಾಡಿಗೆ ಇಲ್ಲದ್ದೂ ಶಾಶ್ವತ ಅಲ್ಲ: ಆಪಲ್ 2014ರಲ್ಲಿ ತನ್ನ ಫೋಟೊ ಸಾಫ್ಟ್‌ವೇರ್ ಅಪರ್ಚರ್ ಕೈಬಿಟ್ಟಿತು, ಗೂಗಲ್ 2016ರಲ್ಲಿ ತನ್ನ ಪಿಕಾಸಾ ನಿಲ್ಲಿಸಿತು. ಒಂದರ ಎಡಿಟ್ ಇನ್ನೊಂದರಲ್ಲಿ ಹಾಗೆಯೇ ತೆರೆಯುವುದಿಲ್ಲ, ದಾಟುವುದು ಸ್ಟಾರ್, ಕೀವರ್ಡ್, ವಿವರ ಇಷ್ಟೇ. ಅದಕ್ಕೇ ಕೆಲಸ ಮುಗಿದ ಮೇಲೆ ದೊಡ್ಡ ಅಳತೆಯ ಜೆಪೆಗ್ ಒಂದನ್ನು ತೆಗೆದು ರಾ ಪಕ್ಕದಲ್ಲೇ ಇಡುತ್ತೇನೆ. ಎಸ್‌ಪಿ ರೋಡಿನಲ್ಲಿ ಎರಡು ಹಾರ್ಡ್ ಡಿಸ್ಕ್ ತಂದೆ, ಒಂದು ಮನೆಯಲ್ಲಿ, ಇನ್ನೊಂದು ಮೈಸೂರಿನ ಅಕ್ಕನ ಮನೆಯಲ್ಲಿ.

ಕೀವರ್ಡ್ ಕನ್ನಡದಲ್ಲೇ ಹಾಕಿ, ಮೂರರಲ್ಲೂ ನಡೆಯುತ್ತದೆ. ಆದರೆ ಒಂದು ಕಡೆ ಕಡಲೆಕಾಯಿ, ಇನ್ನೊಂದು ಕಡೆ ಕಡ್ಲೆಕಾಯಿ ಅಂತ ಬರೆದರೆ ಹುಡುಕುವಾಗ ಅರ್ಧವೇ ಸಿಗುತ್ತದೆ. ನಾನು ಒಂದು ಪುಸ್ತಕದಲ್ಲಿ ಪದಗಳ ಪಟ್ಟಿ ಬರೆದಿಟ್ಟುಕೊಂಡಿದ್ದೇನೆ.

ಈಗ ನಾನು ಹೇಗೆ ಮಾಡುತ್ತಿದ್ದೇನೆ ಅಂದರೆ, ಹೆಕ್ಕುವುದು ಫಾಸ್ಟ್‌ರಾವ್ಯೂವರ್‌ನಲ್ಲಿ, ಮದುವೆ ಕೆಲಸ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ, ಏಕೆಂದರೆ ಶನಿವಾರದ ಮದುವೆಯನ್ನು ಮುಂದಿನ ಶನಿವಾರದೊಳಗೆ ಕೊಡಬೇಕು. ನನಗಾಗಿ ತೆಗೆದ ಫೋಟೊಗಳು ಡಾರ್ಕ್‌ಟೇಬಲ್‌ನಲ್ಲಿ. ಈಗಷ್ಟೇ ಕ್ಯಾಮೆರಾ ಕೊಂಡವರು ಚಂದಾ ಕಟ್ಟುವ ಅವಸರ ಮಾಡಬೇಡಿ. ನಿಕಾನ್ ಆದರೆ ಎನ್‌ಎಕ್ಸ್ ಸ್ಟುಡಿಯೊ, ಕ್ಯಾನನ್ ಆದರೆ ಡಿಜಿಟಲ್ ಫೋಟೊ ಪ್ರೊಫೆಷನಲ್, ಕ್ಯಾಮೆರಾ ಕಂಪನಿಯದೇ ಎಡಿಟರ್ ಸುಮ್ನೆ ಸಿಗುತ್ತದೆ, ಆರು ತಿಂಗಳು ಅದು ಸಾಕು.

ಲೈಟ್‌ರೂಮ್ ನೋಡಲೇಬೇಕು ಅಂದರೆ ಟ್ರಯಲ್ ಇರುವುದು 7 ದಿನ. ಮೊದಲು ಡೌನ್‌ಲೋಡ್ ಮಾಡಿ ಆಮೇಲೆ ಫೋಟೊ ಹುಡುಕುತ್ತಾ ಕೂತರೆ ಅಷ್ಟೂ ದಿನ ಹೋಗುತ್ತದೆ. ಲಾಲ್‌ಬಾಗ್ ಹೂವಿನ ಪ್ರದರ್ಶನಕ್ಕೋ, ಕೆ.ಆರ್. ಮಾರ್ಕೆಟ್ಟಿಗೆ ಬೆಳಗಿನ ಜಾವವೋ ಹೋಗಿ, ಕಾರ್ಡ್ ತುಂಬಿಸಿಕೊಂಡು ಬನ್ನಿ, ಹೆಕ್ಕುವುದನ್ನೂ ಮುಗಿಸಿಕೊಳ್ಳಿ. ಟ್ರಯಲ್ ಆಮೇಲೆ ಶುರುಮಾಡಿ.