ತಂದೆಯ ಆಪರೇಷನ್‌ಗೆ ಮೊದಲು ನಾವು ಹೋದ ಪೋಷಣಾ ಕ್ಲಿನಿಕ್

ದೊಡ್ಡ ಕರುಳಿನ ಬಲಭಾಗದಲ್ಲಿರುವ ಗಡ್ಡೆ ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಖಚಿತವಾದಾಗ, ಆದಷ್ಟು ಬೇಗ ಆಪರೇಷನ್ ಮುಗಿಸಿಬಿಡಬೇಕು ಎಂಬುದೊಂದೇ ನಮ್ಮ ಮನೆಯವರ ತಲೆಯಲ್ಲಿತ್ತು. ಆದರೆ ಬೆಂಗಳೂರಿನ ಆ ಖಾಸಗಿ ಆಸ್ಪತ್ರೆಯ ಸರ್ಜನ್ 68 ವರ್ಷದ ನಮ್ಮ ತಂದೆಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ನಾಲ್ಕು ತಿಂಗಳ ಹಿಂದೆ 58 ಕಿಲೊ ಇದ್ದವರು 49ಕ್ಕೆ ಇಳಿದಿರುವುದನ್ನು ಬರೆದುಕೊಂಡು, ದಿನಾಂಕವನ್ನು ಎರಡು ವಾರ ಮುಂದೂಡಿದರು. ಅಷ್ಟೂ ದಿನ ಕೆಳಗಿನ ಮಹಡಿಯ ಪೋಷಣಾ ಕ್ಲಿನಿಕ್ ಹೇಳಿದಂತೆ ನಡೆಯಬೇಕೆಂದರು. ಕ್ಯಾನ್ಸರ್ ಒಳಗೆ ಬೆಳೆಯುತ್ತಿರುವಾಗ ಊಟದ ಪಾಠ ಏಕೆ ಎಂದು ನನಗೆ ಅಂದು ಬಹಳ ಸಿಟ್ಟು ಬಂದಿತ್ತು. ಆ ಸಿಟ್ಟು ತಪ್ಪಾಗಿತ್ತು ಎಂಬುದನ್ನೂ, ಆ ಸೇವೆಯಲ್ಲಿ ಸರಿಯಾಗಬೇಕಾದದ್ದು ಏನಿದೆ ಎಂಬುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಸಮಾಲೋಚನೆಗೆ 400 ರೂಪಾಯಿ. ನಮಗೆ ಸಿಕ್ಕಿದ್ದು ಪೂರ್ತಿ ಮುಕ್ಕಾಲು ಗಂಟೆ. ತಂದೆ ನಿವೃತ್ತ ಶಾಲಾ ಶಿಕ್ಷಕರೆಂದು ತಿಳಿದ ಕೂಡಲೇ ಆಹಾರತಜ್ಞೆ, “ಎಷ್ಟು ಊಟ ಮಾಡ್ತೀರಿ ಅಂತ ಕೇಳ್ತಿಲ್ಲ ಮೇಷ್ಟ್ರೇ, ನಿನ್ನೆ ಬೆಳಿಗ್ಗೆಯಿಂದ ಏನೇನು ತಿಂದ್ರಿ, ಅದನ್ನ ಹೇಳಿ” ಎಂದರು. ಎರಡು ಇಡ್ಲಿ, ಮಧ್ಯಾಹ್ನ ನಾಲ್ಕು ತುತ್ತು ಸಾರನ್ನ, ರಾತ್ರಿ ಗಂಜಿ, ಅರ್ಧ ಲೋಟ ಮಜ್ಜಿಗೆ. ಕೂಡಿಸಿದರೆ ದಿನದ ಪ್ರೋಟೀನ್ 25 ಗ್ರಾಂ ಕೂಡ ಆಗಲಿಲ್ಲ. ದೊಡ್ಡ ಆಪರೇಷನ್‌ಗೆ ಹೋಗುವವರಿಗೆ ಪ್ರತಿ ಕಿಲೊ ತೂಕಕ್ಕೆ 1.2ರಿಂದ 1.5 ಗ್ರಾಂ ಬೇಕು. ಎಂದರೆ ತಂದೆಗೆ ಬೇಕಾಗಿದ್ದದ್ದು 60ರಿಂದ 70 ಗ್ರಾಂ. ಅನಂತರ ಹಿಡಿತದ ಬಲ ಅಳೆಯಲು ಕೈಯಲ್ಲಿ ಹಿಡಿದು ಹಿಂಡುವ ಒಂದು ಉಪಕರಣವನ್ನು ಕೊಟ್ಟರು. ನಲವತ್ತು ವರ್ಷ ಸೀಮೆಸುಣ್ಣ ಹಿಡಿದ ಆ ಬಲಗೈ ಮುಳ್ಳನ್ನು 17 ಕಿಲೊಗಿಂತ ಮೇಲಕ್ಕೆ ಏರಿಸಲಾರದೆ ನಡುಗಿದ್ದನ್ನು ನೋಡಿದಾಗ, ಎರಡು ವಾರ ಕಾಯುವುದೇಕೆ ಎಂಬ ಪ್ರಶ್ನೆ ನನ್ನಲ್ಲಿ ಉಳಿಯಲಿಲ್ಲ.

ಕಾಯುವುದಕ್ಕೆ ಕಾರಣವನ್ನೂ ಅವರು ಬಿಡಿಸಿ ಹೇಳಿದರು. ಹೊಟ್ಟೆ ಕೊಯ್ದ ಮೇಲೆ ಗಾಯ ಮಾಯುವುದಕ್ಕೂ ಸೋಂಕನ್ನು ಎದುರಿಸುವುದಕ್ಕೂ ಬೇಕಾದ ಪ್ರೋಟೀನನ್ನು ದೇಹ ತನ್ನ ಸ್ನಾಯುಗಳನ್ನೇ ಕರಗಿಸಿ ಪಡೆಯುತ್ತದೆ. ಮೊದಲೇ ಸವೆದುಹೋದವರಲ್ಲಿ ಆ ದಾಸ್ತಾನು ಇರುವುದಿಲ್ಲ. ಇದು ಹೊಸ ತಿಳಿವಳಿಕೆಯಲ್ಲ. 1936ರಲ್ಲೇ ಅಮೆರಿಕದ ಸರ್ಜನ್ ಹೈರಮ್ ಸ್ಟಡ್ಲಿ, ಹೊಟ್ಟೆಹುಣ್ಣಿನ ಆಪರೇಷನ್‌ಗೆ ಮುಂಚೆ ತೂಕದಲ್ಲಿ 20 ಶೇಕಡಕ್ಕಿಂತ ಹೆಚ್ಚು ಕಳೆದುಕೊಂಡ ರೋಗಿಗಳಲ್ಲಿ ಸಾವಿನ ಪ್ರಮಾಣ 33 ಶೇಕಡ, ಉಳಿದವರಲ್ಲಿ 3.5 ಶೇಕಡ ಎಂದು ದಾಖಲಿಸಿದ್ದರು. ಆರು ತಿಂಗಳೊಳಗೆ 10ರಿಂದ 15 ಶೇಕಡಕ್ಕಿಂತ ಹೆಚ್ಚು ತೂಕ ಇಳಿದವರಿಗೆ, ಕ್ಯಾನ್ಸರ್ ಇದ್ದರೂ ಸರಿ, 7ರಿಂದ 14 ದಿನ ಪೋಷಣೆ ಕೊಟ್ಟೇ ಆಪರೇಷನ್ ಮಾಡಬೇಕೆಂದು ಯುರೋಪಿನ ಪೋಷಣಾ ತಜ್ಞರ ಸಂಘವಾದ ಎಸ್ಪೆನ್ ಹೇಳುತ್ತದೆ.

ಇನ್ನು ಪೌಡರ್‌ನ ವಿಷಯ. ಗಾಬರಿಯಲ್ಲಿ ನಾವು ಮೊದಲೇ ಮನೆ ಹತ್ತಿರದ ಮೆಡಿಕಲ್ ಸ್ಟೋರಿನಿಂದ ತಂದಿದ್ದ ಡಬ್ಬಿಯನ್ನು ಆಹಾರತಜ್ಞೆ ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ನನ್ನಿಂದಲೇ ಓದಿಸಿದರು: 100 ಗ್ರಾಂ ಪುಡಿಯಲ್ಲಿ ಪ್ರೋಟೀನ್ 9 ಗ್ರಾಂ, ಸಕ್ಕರೆ ಮೂರನೇ ಒಂದು ಪಾಲು. ಅದನ್ನು ಬಿಡಿಸಿ, ಹಾಲೊಡೆದಾಗ ಉಳಿಯುವ ತಿಳಿನೀರಿನ ಪ್ರೋಟೀನ್ (ವೇ ಪ್ರೋಟೀನ್) ಇರುವ ಪುಡಿಯನ್ನು ಬರೆದುಕೊಟ್ಟರು. ಮೂರು ಹೊತ್ತಿನದು ಸೇರಿ ಅದರಿಂದ ಬರುವುದು 20 ಗ್ರಾಂ, ಉಳಿದದ್ದು ಎರಡು ಮೊಟ್ಟೆ, ಅರ್ಧ ಲೀಟರ್ ಹಾಲು, ಗಟ್ಟಿ ತೊವ್ವೆ, ಮೊಸರಿನಿಂದಲೇ ಬರಬೇಕು ಎಂದರು. ವೆನಿಲ್ಲಾ ವಾಸನೆಯ ಆ ಪುಡಿ ತಂದೆಗೆ ಮೊದಲ ದಿನವೇ ಹಿಡಿಸಲಿಲ್ಲ. ಕುದಿಯುವ ಹಾಲಿಗೆ ಹಾಕಿದಾಗ ಗಂಟುಗಂಟಾಯಿತು. ಮೂರನೆಯ ದಿನ ಅಮ್ಮ ಪುಡಿಯನ್ನು ನಾಲ್ಕು ಚಮಚ ಉಗುರುಬೆಚ್ಚಗಿನ ನೀರಿನಲ್ಲಿ ನುಣ್ಣಗೆ ಕಲಸಿ, ಮೇಲೆ ಬೆಚ್ಚಗಿನ ಹಾಲು, ಎರಡು ಚಮಚ ಕಾಫಿ ಡಿಕಾಕ್ಷನ್ ಸೇರಿಸಿ ಕೊಟ್ಟರು. ಅಂದಿನಿಂದ ಲೋಟ ಖಾಲಿಯಾಗಿಯೇ ವಾಪಸು ಬಂತು. ಪುಡಿಯ ರುಚಿಗೆ ನಾನು ಒಳ್ಳೆಯ ಅಂಕ ಕೊಡಲಾರೆ, ಬೆಲೆಯೂ ಹಗುರವಲ್ಲ. ಆದರೆ ಹಸಿವೇ ಸತ್ತುಹೋದವರಿಗೆ ಒಂದು ಲೋಟದಲ್ಲಿ ಇಷ್ಟನ್ನು ಒಳಗೆ ಸೇರಿಸಲು ಮನೆಯಡುಗೆಯೊಂದರಿಂದಲೇ ನಮಗೆ ಆಗುತ್ತಿರಲಿಲ್ಲ.

ರಕ್ತಹೀನತೆಯನ್ನು ಗಮನಿಸಿದ್ದೂ ಇದೇ ಕ್ಲಿನಿಕ್. ಬಲಭಾಗದ ಕರುಳಿನ ಗಡ್ಡೆ ಕಣ್ಣಿಗೆ ಕಾಣದಂತೆ ರಕ್ತ ಜಿನುಗಿಸುವುದರಿಂದ ಹಿಮೋಗ್ಲೋಬಿನ್ 8.4ಕ್ಕೆ ಇಳಿದಿತ್ತು, ಮಾತ್ರೆಗೆ ಸಮಯವಿಲ್ಲವೆಂದು ಕಬ್ಬಿಣಾಂಶವನ್ನು ಡ್ರಿಪ್ಪಿನಲ್ಲಿ ಕೊಡಿಸಿದರು. ದಿನಕ್ಕೆರಡು ಬಾರಿ ನಡಿಗೆ, ಉಸಿರೆಳೆದು ಉಪಕರಣದೊಳಗಿನ ಮೂರು ಚೆಂಡು ಏರಿಸುವ ಶ್ವಾಸಕೋಶದ ವ್ಯಾಯಾಮವೂ ಪಟ್ಟಿಯಲ್ಲಿದ್ದವು.

ಈಗ ಕೊರತೆಗಳು. ಕ್ಲಿನಿಕ್ ತೆರೆದಿರುವುದು ವಾರಕ್ಕೆ ಎರಡೇ ಮಧ್ಯಾಹ್ನ. ಮುದ್ರಿತ ಆಹಾರಪಟ್ಟಿ ಇಂಗ್ಲಿಷಿನಲ್ಲಿದ್ದು, ಅದರಲ್ಲಿದ್ದ ಓಟ್ಸ್, ಬ್ರಾಕೊಲಿ ಅಮ್ಮನ ಅಡುಗೆಮನೆಗೆ ಸಂಬಂಧವೇ ಇಲ್ಲದವು. ಆಹಾರತಜ್ಞೆ ಅದರ ಬೆನ್ನಿಗೆ ರಾಗಿ ಅಂಬಲಿ, ಹೆಸರುಬೇಳೆ ಪೊಂಗಲ್ ಎಂದು ಕನ್ನಡದಲ್ಲಿ ಕೈಯಾರೆ ಬರೆದುಕೊಟ್ಟದ್ದು ಅವರ ಒಳ್ಳೆಯತನ. ಎಲ್ಲಕ್ಕಿಂತ ನೋವಾದದ್ದು ವಾರ್ಡಿನಲ್ಲಿ. ಆಪರೇಷನ್‌ನ ಹಿಂದಿನ ರಾತ್ರಿ 800 ಮಿಲಿಲೀಟರ್, ಬೆಳಿಗ್ಗೆ ಅರಿವಳಿಕೆಗೆ ಎರಡು ಗಂಟೆ ಮುಂಚೆ 400 ಮಿಲಿಲೀಟರ್ ಶರ್ಕರಪಿಷ್ಟದ (ಕಾರ್ಬೊಹೈಡ್ರೇಟ್) ತಿಳಿಪಾನೀಯ ಕುಡಿಸಬೇಕೆಂದು ಕ್ಲಿನಿಕ್ ಹೇಳಿತ್ತು, ಅರಿವಳಿಕೆ ವೈದ್ಯರೂ ಒಪ್ಪಿದ್ದರು. ವಾರ್ಡಿನವರು ಮಾತ್ರ ರಾತ್ರಿ ಹತ್ತರಿಂದ ತೊಟ್ಟು ನೀರೂ ಕೂಡದೆಂದು ಮಂಚಕ್ಕೆ ಚೀಟಿ ತೂಗುಹಾಕಿದರು. ನಸುಕಿನ ಐದು ಗಂಟೆಗೆ ಫೋನ್ ಮಾಡಿ ವೈದ್ಯರನ್ನೇ ಎಬ್ಬಿಸಬೇಕಾಯಿತು. ಕೆಳಗಿನ ಮಹಡಿಯ ಎರಡು ವಾರದ ಶ್ರಮ ಮೇಲಿನ ಮಹಡಿಯ ಫೈಲಿಗೆ ತಲುಪದಿರುವುದು ಚಿಕ್ಕ ತಪ್ಪಲ್ಲ.

ಎಲ್ಲರಿಗೂ ಈ ಸೇವೆ ಬೇಕೆಂದು ನಾನು ಹೇಳುವುದಿಲ್ಲ. 1991ರಲ್ಲಿ ಪ್ರಕಟವಾದ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನದಲ್ಲಿ, ರಕ್ತನಾಳದ ಮೂಲಕ ಪೋಷಣೆ ಕೊಟ್ಟಾಗ ತೀವ್ರವಾಗಿ ಸೊರಗಿದವರಿಗಷ್ಟೇ ಲಾಭವಾಗಿ, ಉಳಿದವರಲ್ಲಿ ಸೋಂಕು ಹೆಚ್ಚಿತ್ತು. ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ ಇರುವವರಂತೂ ವೈದ್ಯರನ್ನು ಕೇಳದೆ ಪುಡಿ ತರಬಾರದು.

ಆಪರೇಷನ್ ದಿನ ತಂದೆಯ ತೂಕ 50.3 ಕಿಲೊ, ಹಿಮೋಗ್ಲೋಬಿನ್ 10.1, ಹಿಡಿತ 19 ಕಿಲೊ. ಮರುದಿನ ಸಂಜೆ ವಾರ್ಡಿನ ಬಾಗಿಲವರೆಗೆ ನಡೆದರು, ಏಳನೆಯ ದಿನ ಮನೆಗೆ ಬಂದರು. ಡಿಸ್ಚಾರ್ಜ್ ಚೀಟಿಯಲ್ಲಿ ಪುಡಿಯ ಉಲ್ಲೇಖವೇ ಇರಲಿಲ್ಲ. ನಾನೇ ಕ್ಲಿನಿಕ್ಕಿಗೆ ಹೋಗಿ ಕೇಳಿದಾಗ ಇನ್ನೂ ಒಂದು ತಿಂಗಳು ಮುಂದುವರಿಸಿ ಎಂದು ಬರೆದುಕೊಟ್ಟರು. ಡಿಕಾಕ್ಷನ್ ಹಾಕಿದ ಆ ಲೋಟ ಈಗಲೂ ಬೆಳಿಗ್ಗೆ ಹನ್ನೊಂದಕ್ಕೆ ತಪ್ಪದೆ ಅವರ ಕೈ ಸೇರುತ್ತಿದೆ.